ಸಹಜೀವನವೋ ಅಪಹರಣವೋ?

ಪ್ರಾಣಿಶಾಸ್ತ್ರಜ್ಞರ 'ಸಿಂಬಯೋಸಿಸ್' ಎಂಬ ಪದವನ್ನು ನಾವು 'ಸಹಜೀವನ'ವೆಂದು ಕನ್ನಡಿಸಿದ್ದೇವೆ. ಈ ಶಬ್ದವು ಕಿವಿಗೆ ಬಿದ್ದೊಡನೆ ಸಂಸ್ಕೃತಾಭ್ಯಾಸವುಳ್ಳವರಿಗೆ ಅಂಧಪಂಗುನ್ಯಾಯವು ಹೊಳೆಯುವುದು. ಕುರುಡನ ಹೆಗಲನ್ನೇರಿದ ಕುಂಟನು ದಾರಿಯನ್ನು ತೋರುವನು. ಇಬ್ಬರೂ ಊರನ್ನು ಸೇರುವರು. ಆದರೆ ಈ ದೃಷ್ಟಾಂತವು ಎಲ್ಲೆಡೆಯಲ್ಲಿಯೂ ಸಲ್ಲದೆಂಬುದಕ್ಕೆ ದಕ್ಷಿಣಧ್ರುವಸಮುದ್ರದ ಒಂದು ವೃತ್ತಾಂತವು ಸಾಕ್ಷಿಯಾಗಿದೆ.

ಅಂಟಾರ್ಕ್ಟಿಕದ ಮಕ್‌ಮರ್ಡೋ ಕೊಲ್ಲಿಯ ನೀರು ಸೊನ್ನೆಗಿಂತಲೂ ಸುಮಾರು 1.9 ಸೆಂಟಿಗ್ರೇಡ್ ಡಿಗ್ರಿ ಕೆಳಗಿದ್ದರೂ ಲವಣದ ದೆಸೆಯಿಂದ ಹೆಪ್ಪುಗಟ್ಟದೆ ಇರುವುದು. ಅಲ್ಲಿ ಹೈಪೀರಿಯೆಲ್ಲಾ ಡೈಲಟಾಟಾ ಎಂಬ, ಸೀಗಡಿಯ ದೂರದ ಬಂಧುವಾದ, ಕೆಲವೇ ಮಿಲಿಮೀಟರು ಉದ್ದದ ಕಠಿಣಚರ್ಮಿಯೊಂದುಂಟು. ಸೌಕರ್ಯಕ್ಕಾಗಿ ಇದನ್ನು ಕವಚಿಯೆನ್ನೋಣ. ಅದೇ ನೀರಿನಲ್ಲಿ ಕ್ಲಯೋನೆ ಅಂಟಾರ್ಕ್ಟಿಕಾ ಎಂಬ ಚಿಪ್ಪಿಲ್ಲದ ಕಡಲ ಬಸವನಹುಳುವು ರೆಕ್ಕೆಗಳಂತಹ ಎರಡು ಅವಯವಗಳನ್ನು ಬಡಿಯುತ್ತ ತೇಲಾಡುವುದು. ಕವಚಿಯು ಈ ಹುಳುವನ್ನು ಹಿಡಿದು ಬೆನ್ನಿಗೇರಿಸಿಕೊಂಡು, ತನ್ನ ಕಡೆಯ ಎರಡು ಜೊತೆ ಕಾಲುಗಳಿಂದ ಬಿಗಿದಪ್ಪಿ ಈಜುವುದೆಂದು ಮಕ್ಲಿಂಟಾಕ್ ಮತ್ತು ಜಾನ್ಸೆನ್ ಎಂಬ ವಿದ್ವಾಂಸರು 1990ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಪ್ರಕಟಿಸಿದರು.

ಹೊರೆಯಿಂದ ಕವಚಿಯ ವೇಗವು ತಗ್ಗುವುದು. ಆದರೂ ಹೊರುವುದೇಕೆ? ಒಂಟಿಯಾದ ಕವಚಿಯನ್ನು ಮೀನು ನುಂಗಿಬಿಡುವುದು. ಹುಳುವನ್ನು ಹೊತ್ತ ಕವಚಿಯನ್ನಾದರೋ ಬಾಯಿಗೆ ತೆಗೆದುಕೊಂಡರೂ ಉಗುಳುವುದು. ಹುಳುವಿನ ಮೈಯಲ್ಲಿ ಮೀನಿಗೆ ಒಗ್ಗದ ದ್ರವ್ಯವಿದೆ. ಅದನ್ನು 1995ರಲ್ಲಿ ಬೇರ್ಪಡಿಸಿ ಟೆರೋಇನೋನ್ ಎಂದು ಹೆಸರಿಟ್ಟರು. ಹುಳುವಿಗೋ, ಸೆರೆಯಲ್ಲಿರುವಷ್ಟು ಕಾಲ ಉಪವಾಸ! ಶೋಧಕರು ಇದನ್ನು ಮುಚ್ಚುಮರೆಯಿಲ್ಲದೆ 'ಅಪಹರಣ'ವೆಂದೇ ಕರೆದಿದ್ದಾರೆ. ಇಲ್ಲಿ ಕುಂಟನು ತಾನಾಗಿ ಹೆಗಲನ್ನೇರಿದವನಲ್ಲ, ಊರನ್ನು ಸೇರುವವನೂ ಅಲ್ಲ.

ಹಾಗಾದರೆ 'ಸಹಜೀವನ'ವೆಂಬ ಅನುವಾದವು ದುಷ್ಟವೇ? ಮೊದಲು ನಾನೂ ಹಾಗೆಯೇ ಬಗೆದಿದ್ದೆನು. ಆದರೆ ಮೂಲಪದಕ್ಕೆ 1879ರಲ್ಲಿ ಲಕ್ಷಣವನ್ನು ಹೇಳಿದ ಜರ್ಮನ್ ಪಂಡಿತ ಡಿ ಬಾರಿಯು ವಿಜಾತೀಯ ಜೀವಿಗಳ ಕೂಡುಬಾಳನ್ನಷ್ಟೇ ಉದ್ದೇಶಿಸಿ, ಪರೋಪಜೀವನವನ್ನೂ ಅದರಲ್ಲಿ ಸೇರಿಸಿದ್ದನು. ನಮ್ಮ 'ಸಹ' ಶಬ್ದವೂ ಸಮತೆಯನ್ನು ಬೋಧಿಸುವುದಿಲ್ಲ. ಅದರ ಯೋಗದಲ್ಲಿ ಅಪ್ರಧಾನವಾದುದಕ್ಕೆ ತೃತೀಯಾವಿಭಕ್ತಿಯನ್ನು ಪಾಣಿನಿಯು ವಿಧಿಸಿರುವನಷ್ಟೆ. 'ಹುಳುವಿನೊಡನೆ ಕವಚಿಯು ಈಜುವುದು' ಎಂಬಲ್ಲಿ ಈಜಿಗೆ ಕರ್ತೃವು ಕವಚಿ; ಪಾಪ, ಹುಳುವು ತೃತೀಯೆಯಲ್ಲಿ ಸಿಕ್ಕಿಕೊಂಡಿದೆ. ದೋಷವಿರುವುದು ಶಬ್ದದಲ್ಲಲ್ಲ, 'ಸಹ'ವೆಂದೊಡನೆ ಸ್ನೇಹವನ್ನು ಕಲ್ಪಿಸಿಕೊಳ್ಳುವ ನಮ್ಮ ರೂಢಿಯಲ್ಲಿ. ಆದುದರಿಂದ 'ಸಹಜೀವನ'ವನ್ನು ಸಾಮಾನ್ಯಸಂಜ್ಞೆಯಾಗಿ ಉಳಿಸಿಕೊಂಡು, ಉಭಯಲಾಭವಿರುವಲ್ಲಿ ಮಾತ್ರ 'ಅನ್ಯೋನ್ಯಜೀವನ'ವೆಂಬ ವಿಶೇಷಸಂಜ್ಞೆಯನ್ನು ಬಳಸಬಹುದೆಂದು ನನಗೆ ತೋರುತ್ತದೆ.