ಮನೆಯ ಆಮೆಗೆ ಮತ್ತೊಂದು ಮನೆ

ಮನುಷ್ಯನು ಮನೆಯಲ್ಲಿ ಸಾಕತಕ್ಕ ಪ್ರಾಣಿಗಳಲ್ಲಿ ಬಹುಪಾಲು ಅವನಿಗಿಂತ ಅಲ್ಪಾಯುಗಳು. ನಾಯಿ ಹನ್ನೆರಡೋ ಹದಿನೈದೋ ವರ್ಷ ಜೊತೆಯಲ್ಲಿದ್ದು ಹೋಗುತ್ತದೆ. ಸಾಕಿದವನು ನಾಲ್ಕು ದಿನ ಅನ್ನ ಸೇರದೆ ಕುಳಿತು, ಆಮೇಲೆ ಸಮಾಧಾನ ಮಾಡಿಕೊಳ್ಳುತ್ತಾನೆ. ಆಮೆಯ ವಿಷಯದಲ್ಲಿ ಮಾತ್ರ ಈ ಲೆಕ್ಕ ತಲೆಕೆಳಗಾಗುತ್ತದೆ. ಇಲ್ಲಿ ಸಾಕಿದವನು ಹೋಗುತ್ತಾನೆ, ಸಾಕಿದ ಪ್ರಾಣಿ ಉಳಿಯುತ್ತದೆ. ತಾತನು ತಂದ ಆಮೆಗೆ ಮೊಮ್ಮಗನು ಸೊಪ್ಪು ಹಾಕುತ್ತಾನೆ. ಆ ಮೊಮ್ಮಗನಿಗೆ ಪರಸ್ಥಳಕ್ಕೆ ವರ್ಗವಾದಾಗಲೋ, ಹಿತ್ತಲಿದ್ದ ಹಳೆಯ ಮನೆಯನ್ನು ಮಾರಿ ಮೂರನೆಯ ಅಂತಸ್ತಿನ ಕೊಠಡಿಗಳಿಗೆ ಸಂಸಾರ ಹೋಗಬೇಕಾದಾಗಲೋ ಪ್ರಶ್ನೆ ಏಳುತ್ತದೆ: ಈ ಮೂಕ ಹಿರಿಯನನ್ನು ಏನು ಮಾಡತಕ್ಕದ್ದು?

ಈ ಪ್ರಶ್ನೆಗೆ ನಮ್ಮ ಜನರಲ್ಲಿ ಸುಲಭವಾಗಿ ಹೊಳೆಯುವ ಉತ್ತರವೊಂದುಂಟು. ಶಿವರಾತ್ರಿಗೋ ದೀಪಾವಳಿಗೋ ಮಲೆ ಮಹದೇಶ್ವರನ ಬೆಟ್ಟಕ್ಕೆ ಹೋಗುವವರಿದ್ದೇವೆ. ಅಲ್ಲಿ ಬೇಕಾದಷ್ಟು ಕಾಡಿದೆ. ಹುಲಿಯನ್ನೇ ವಾಹನ ಮಾಡಿಕೊಂಡ ಸ್ವಾಮಿಯ ಸನ್ನಿಧಿಯಲ್ಲಿ ಒಂದು ಆಮೆಗೆ ಜಾಗವಿಲ್ಲವೆ? ದಾರಿಯ ಮಗ್ಗುಲಲ್ಲಿ ಬಿಟ್ಟರಾಯಿತು, ಇಲ್ಲವೆ ಕೊಳದಲ್ಲಿ ಬಿಟ್ಟರಾಯಿತು. ಈ ಆಲೋಚನೆಯಲ್ಲಿ ಕೇಡಿನ ಬುದ್ಧಿ ಲೇಶವೂ ಇಲ್ಲ; ಭಕ್ತಿಯಿದೆ, ದಯೆಯೂ ಇದೆ. ಆದರೂ ಇದರಿಂದ ಆಮೆಗೆ ಒದಗುವುದು ಬಿಡುಗಡೆಯಲ್ಲ, ಬಹುಶಃ ಮರಣ. ಅದು ಹೇಗೆಂಬುದನ್ನು ವಿವರಿಸಿ, ಸರಿಯಾದ ದಾರಿ ಯಾವುದೆಂಬುದನ್ನು ತಿಳಿಸುವುದೇ ಈ ಭಾಷಣದ ಉದ್ದೇಶ.

ಮೊದಲು ನಮ್ಮ ಮಾತಿನಲ್ಲಿಯೇ ಇರುವ ಒಂದು ತೊಡಕನ್ನು ಬಿಡಿಸಿಕೊಳ್ಳೋಣ. ಬೆನ್ನಿನ ಮೇಲೆ ಚಿಪ್ಪುಳ್ಳ ಸಕಲವನ್ನೂ ಕನ್ನಡದಲ್ಲಿ ಆಮೆಯೆಂದೇ ಕರೆಯುತ್ತೇವೆ. ಆದರೆ ಇವುಗಳಲ್ಲಿ ನೀರಿನವು ಬೇರೆ, ನೆಲದವು ಬೇರೆ. ಕಾವೇರಿಯ ಮಡುಗಳಲ್ಲಿ ಮೆತ್ತನೆಯ ಚಿಪ್ಪಿನ ಆಮೆಗಳಿವೆ. ಅವುಗಳ ಬೆರಳುಗಳ ನಡುವೆ ಈಜುವುದಕ್ಕೆ ತಕ್ಕ ಪೊರೆಯಿದೆ. ಕನ್ನಡನಾಡಿನ ಹಳೆಯ ಮನೆಗಳಲ್ಲಿ ಹೆಚ್ಚಾಗಿ ಕಾಣಬರುವುದು ನಕ್ಷತ್ರ ಆಮೆ. ಅದು ಶುದ್ಧವಾಗಿ ನೆಲದ ಪ್ರಾಣಿ. ಗುಮ್ಮಟದಂಥ ಕರಿಯ ಚಿಪ್ಪಿನ ಮೇಲೆ ಹಳದಿ ಗೆರೆಗಳು ಕಿರಣಗಳಂತೆ ಹರಡಿರುವುದರಿಂದ ಅದಕ್ಕೆ ಆ ಹೆಸರು. ಅದರ ಕಾಲುಗಳು ಆನೆಯ ಕಾಲುಗಳಂತೆ ಕಂಬದ ಆಕಾರದವು; ಈಜುವುದಕ್ಕೆ ಬಾರವು. ಇಂಥದನ್ನು ಪುಣ್ಯಬುದ್ಧಿಯಿಂದ ಕಲ್ಯಾಣಿಗೆ ಬಿಟ್ಟರೆ, ಕಡಿದಾದ ಕಲ್ಲುಮೆಟ್ಟಿಲನ್ನು ಏರಲಾರದೆ ಅದು ಮುಳುಗಿ ಸಾಯುತ್ತದೆ. ದೇವರಿಗೆ ಒಪ್ಪಿಸಿದೆವೆಂದು ನಾವು ಕೈ ಮುಗಿದು ಹಿಂದಿರುಗುವ ಹೊತ್ತಿಗೆ ಈ ಅನಾಹುತವು ಮುಗಿದುಹೋಗಿರಬಹುದು.

ಹಾಗಾದರೆ ಕೊಳ ಬೇಡ, ಕಾಡಾದರೂ ಆಗಬಹುದಲ್ಲ ಎಂದು ಕೇಳಬಹುದು. ಬೆಟ್ಟದ ಸುತ್ತಣ ಕಾಡು ಮಳೆ ಕಡಮೆಯ ಒಣ ಕಾಡು. ನಕ್ಷತ್ರ ಆಮೆಗೆ ಒಗ್ಗುವುದೂ ಅಂಥ ಕುರುಚಲು ನೆಲವೇ. ಆದರೆ ಕಾಡು ಒಗ್ಗುವುದು ಕಾಡಿನಲ್ಲಿ ಬೆಳೆದದ್ದಕ್ಕೆ. ಮೂವತ್ತು ನಲವತ್ತು ವರ್ಷ ಹಿತ್ತಲಲ್ಲಿ ಸೌತೆಯ ಸಿಪ್ಪೆಯನ್ನೂ ಕೊತ್ತಂಬರಿಯನ್ನೂ ತಿಂದ ಪ್ರಾಣಿಗೆ ಬೇಸಗೆಯಲ್ಲಿ ಯಾವ ಪೊದೆಯ ಬುಡ ತಂಪು, ಯಾವ ತಿಂಗಳಲ್ಲಿ ಯಾವ ಹಣ್ಣು ಉದುರುವುದು ಎಂಬ ಅನುಭವವೆಲ್ಲಿ ಬಂತು? ಮನುಷ್ಯನನ್ನು ಕಂಡರೆ ಅಡಗದೆ ಎದುರಿಗೆ ಬರುವ ಅಭ್ಯಾಸವೇ ಅದನ್ನು ಕಳ್ಳನ ಕೈಗೆ ಸೇರಿಸೀತು. ಗಾಡಿಗಳು ಓಡಾಡುವ ರಸ್ತೆಯಂತೂ ಯಮನ ಬಾಗಿಲು.

ಇದು ಆ ಒಂದು ಆಮೆಗೆ ಬರುವ ಆಪತ್ತು. ಅದರಿಂದ ಮಿಕ್ಕ ಆಮೆಗಳಿಗೆ ಬರಬಹುದಾದ ಆಪತ್ತು ಇದಕ್ಕಿಂತ ದೊಡ್ಡದು. ಮನೆಯಲ್ಲಿ ಸಾಕಿದ ಪ್ರಾಣಿ ನೋಡುವುದಕ್ಕೆ ಗಟ್ಟಿಮುಟ್ಟಾಗಿದ್ದರೂ ಒಳಗೆ ರೋಗಬೀಜವನ್ನು ಹೊತ್ತಿರಬಹುದು. ಅಮೆರಿಕದ ಮೋಹಾವೆ ಮರುಭೂಮಿಯಲ್ಲಿ ಇದೇ ಜಾತಿಯ ಬಂಧುವಾದ ಮರುಭೂಮಿಯ ಆಮೆಯೊಂದುಂಟು. ಅದರಲ್ಲಿ ಮೂಗು ಸೋರುವ ಶ್ವಾಸರೋಗವೊಂದು ಹರಡಿ, ೧೯೯೦ರಲ್ಲಿ ಅಲ್ಲಿಯ ಸರ್ಕಾರವು ಆ ಆಮೆಯನ್ನು ಅಪಾಯಕ್ಕೊಳಗಾದ ಪ್ರಾಣಿಗಳ ಪಟ್ಟಿಗೆ ಸೇರಿಸಿತು. ಜನರು ಸಾಕಿ ಬೇಸತ್ತು ಬಿಟ್ಟ ಆಮೆಗಳಿಂದಲೂ ಆ ರೋಗ ಹರಡಿರಬೇಕೆಂದು ವಿದ್ವಾಂಸರು ಶಂಕಿಸಿದರು. ಇನ್ನೊಂದು ಸಂಗತಿ: ನಕ್ಷತ್ರ ಆಮೆಗಳು ಗುಜರಾತು ರಾಜಸ್ಥಾನಗಳ ಕಡೆಯೂ ಇವೆ, ದಕ್ಷಿಣದೇಶದಲ್ಲಿಯೂ ಇವೆ, ಸಿಂಹಳದಲ್ಲಿಯೂ ಇವೆ. ರೂಪ ಒಂದೇ ಆದರೂ ವಂಶಗುಣಗಳಲ್ಲಿ ಭೇದವುಂಟು. ನಮ್ಮ ಹಿತ್ತಲಿನ ಆಮೆಯ ಪೂರ್ವಜರು ಎಲ್ಲಿಯವರೆಂಬುದು ನಮಗೆ ತಿಳಿಯದು. ತಿಳಿಯದೆ ಬೆರಸಿದರೆ ಸಾವಿರಾರು ವರ್ಷಗಳಲ್ಲಿ ಆ ನೆಲಕ್ಕೆ ಹೊಂದಿಕೊಂಡು ಬಂದ ವಂಶವು ಕಲಸಿಹೋಗುತ್ತದೆ. ಇಷ್ಟಕ್ಕೂ ಮಲೆ ಮಹದೇಶ್ವರ ಬೆಟ್ಟದ ಕಾಡು ಒಡೆಯರಿಲ್ಲದ ಬಯಲಲ್ಲ. ೨೦೧೩ರಲ್ಲಿ ಅದನ್ನು ವನ್ಯಜೀವಿಧಾಮವೆಂದು ಘೋಷಿಸಲಾಯಿತು. ಅಲ್ಲಿಗೆ ಯಾವ ಪ್ರಾಣಿಯನ್ನು ಸೇರಿಸಬೇಕೆಂಬುದು ಯಾತ್ರಿಕರು ತೀರ್ಮಾನಿಸತಕ್ಕ ವಿಷಯವಲ್ಲ.

ಕಾಡಿಗೆ ಹಿಂದಿರುಗಿಸುವುದು ಸಾಧ್ಯವೇ ಇಲ್ಲವೆಂದು ನಾವು ಹೇಳುತ್ತಿಲ್ಲ. ೨೦೧೮ರ ನವೆಂಬರಿನಲ್ಲಿ, ಕಳ್ಳಸಾಗಣೆಯಿಂದ ಸಿಂಗಪುರವನ್ನು ಸೇರಿದ್ದ ೫೧ ನಕ್ಷತ್ರ ಆಮೆಗಳು ವಿಮಾನದಲ್ಲಿ ಬೆಂಗಳೂರಿಗೆ ಮರಳಿ ಬಂದವು. ಅಲ್ಲಿಯ ಪ್ರಾಣಿರಕ್ಷಣಾ ಸಂಸ್ಥೆಯವರೂ ಇಲ್ಲಿಯ ವನ್ಯಜೀವಿ ಸಂಸ್ಥೆಯವರೂ ಕರ್ನಾಟಕದ ಅರಣ್ಯ ಇಲಾಖೆಯೂ ಕೂಡಿ ಈ ಕೆಲಸವನ್ನು ಮಾಡಿದರು. ಆದರೆ ಅದು ಬುಟ್ಟಿಯ ಮುಚ್ಚಳ ತೆಗೆದು ಬಿಟ್ಟ ಕೆಲಸವಲ್ಲ. ಬೇರೆಯಾಗಿರಿಸುವುದು, ಆರೋಗ್ಯವನ್ನು ಪರೀಕ್ಷಿಸುವುದು, ಬೇಲಿ ಕಟ್ಟಿದ ಕಾಡಿನ ನೆಲದಲ್ಲಿ ಅಭ್ಯಾಸ ಮಾಡಿಸುವುದು, ಹೀಗೆ ಮೆಟ್ಟಿಲು ಮೆಟ್ಟಿಲಾಗಿ ನಡೆಯತಕ್ಕ ಕಾರ್ಯವದು. ಒಬ್ಬ ಗೃಹಸ್ಥನು ಯಾತ್ರೆಯ ನಡುವೆ ಮಾಡಿ ಮುಗಿಸುವಂಥದಲ್ಲ.

ಆಮೆಯ ಸುತ್ತ ನಮ್ಮಲ್ಲಿ ನಂಬಿಕೆಗಳೂ ಬೆಳೆದಿವೆ. ಆಮೆ ಹೊಕ್ಕ ಮನೆಯೂ ಅಮೀನ ಹೊಕ್ಕ ಮನೆಯೂ ಉದ್ಧಾರವಾಗದೆಂಬುದು ದಕ್ಷಿಣದೇಶದಲ್ಲಿ ಕೇಳಿಬರುವ ಮಾತು. ಆಮೆಯಿದ್ದ ಮನೆಯಲ್ಲಿ ಲಕ್ಷ್ಮಿ ನೆಲಸುವಳೆಂಬುದು ಇನ್ನೊಂದು ಮಾತು. ಒಂದು ನಂಬಿಕೆ ಅದನ್ನು ಬೀದಿಗೆ ಹಾಕಿಸುತ್ತದೆ. ಇನ್ನೊಂದು ಅದನ್ನು ಕಾಡಿನಿಂದ ಕದ್ದು ತರಿಸುತ್ತದೆ. ಎರಡರಿಂದಲೂ ನಷ್ಟ ಆಮೆಗೇ. ಈ ಕಳ್ಳವ್ಯಾಪಾರವು ಅತಿಯಾದುದರಿಂದ, ೨೦೧೯ರಲ್ಲಿ ಅಂತರರಾಷ್ಟ್ರೀಯ ಒಪ್ಪಂದವು ನಕ್ಷತ್ರ ಆಮೆಯನ್ನು ಅತ್ಯಂತ ಕಟ್ಟುನಿಟ್ಟಾದ ಮೊದಲನೆಯ ಪಟ್ಟಿಗೆ ಏರಿಸಿತು. ನಮ್ಮ ದೇಶದ ೧೯೭೨ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ನಾಲ್ಕನೆಯ ಅನುಸೂಚಿಯಲ್ಲಿ ಬಹುಕಾಲ ಇದ್ದ ಈ ಪ್ರಾಣಿಯು, ೨೦೨೨ರ ತಿದ್ದುಪಡಿಯಿಂದ ಮೊದಲನೆಯ ಅನುಸೂಚಿಗೆ ಸೇರಿತು. ಹುಲಿಗೂ ಆನೆಗೂ ಇರುವ ರಕ್ಷಣೆ ಈಗ ಹಿತ್ತಲಿನ ಈ ಪುಟ್ಟ ಪ್ರಾಣಿಗೂ ಇದೆ.

ಇದರಿಂದ ಫಲಿಸುವುದೇನು? ನಕ್ಷತ್ರ ಆಮೆಯನ್ನು ಮನೆಯಲ್ಲಿ ಇಟ್ಟುಕೊಳ್ಳುವುದಾಗಲಿ, ಮಾರುವುದಾಗಲಿ, ಸ್ನೇಹಿತನಿಗೆ ದಾನವಾಗಿ ಕೊಡುವುದಾಗಲಿ ಕಾನೂನಿಗೆ ವಿರುದ್ಧ. ತಾತನ ಕಾಲದ್ದೆಂಬ ಮಾತಿನಿಂದ ಅಪರಾಧ ಕಳೆಯದು. ಅದಕ್ಕೆ ಹೊಸ ಮನೆಯನ್ನು ಹುಡುಕುವ ಅಧಿಕಾರ ನಮಗಿಲ್ಲ. ಅರಣ್ಯ ಇಲಾಖೆಗೆ ಉಂಟು. ಬನ್ನೇರುಘಟ್ಟದಂಥ ಸ್ಥಳಗಳಲ್ಲಿ ಇಂಥ ಪ್ರಾಣಿಗಳಿಗಾಗಿ ರಕ್ಷಣಾಕೇಂದ್ರಗಳಿವೆ. ಹೀಗೆ ಒಪ್ಪಿಸುವುದಕ್ಕೆ ಅನೇಕರು ಅಂಜುತ್ತಾರೆ. ಅಂಜಿ ರಾತ್ರಿಯಲ್ಲಿ ಕೆರೆಯಂಗಳಕ್ಕೆ ಬಿಟ್ಟು ಬರುತ್ತಾರೆ. ಶಿಕ್ಷೆಯ ಭಯ ಸುಳ್ಳೆಂದು ನಾವು ಹೇಳಲಾರೆವು. ಕಾಯಿದೆಯಲ್ಲಿ ಸೆರೆವಾಸದ ವಿಧಿಯಿದೆ. ಆದರೆ ಪ್ರಾಣಿಯನ್ನು ಬಚ್ಚಿಟ್ಟವನಿಗೂ ತಾನೇ ಮುಂದೆ ಬಂದು ಒಪ್ಪಿಸಿದವನಿಗೂ ವ್ಯತ್ಯಾಸವನ್ನು ಯಾವ ವಿವೇಕಿಯೂ ಕಾಣದಿರಲಾರನು. ಸಂದೇಹವಿದ್ದವರು ಮೊದಲು ವಕೀಲರೊಬ್ಬರನ್ನು ಕೇಳಿಕೊಂಡು, ಆಮೇಲೆ ಅರಣ್ಯಾಧಿಕಾರಿಗೆ ಲಿಖಿತವಾಗಿ ತಿಳಿಸುವುದು ಉತ್ತಮ. ಬೀದಿಯಲ್ಲಿಯೋ ತೋಟದಲ್ಲಿಯೋ ಆಮೆ ಅಕಸ್ಮಾತ್ತಾಗಿ ಸಿಕ್ಕಿದವರ ಸ್ಥಿತಿ ಇನ್ನೂ ಸುಲಭ. ೪೮ ಗಂಟೆಗಳೊಳಗೆ ಹತ್ತಿರದ ಪೋಲೀಸು ಠಾಣೆಗೋ ಅರಣ್ಯಾಧಿಕಾರಿಗೋ ತಿಳಿಸಿದರೆ ಅವರ ಕರ್ತವ್ಯ ಮುಗಿಯಿತು.

ವಿದೇಶದಿಂದ ಬಂದ ಜಾತಿಗಳನ್ನು ಸಾಕಿದವರ ವಿಷಯ ಬೇರೆ. ಅಂಥವುಗಳಲ್ಲಿ ಒಪ್ಪಂದದ ಪಟ್ಟಿಗೆ ಸೇರಿದವನ್ನು ಸರ್ಕಾರದಲ್ಲಿ ನೋಂದಾಯಿಸಬೇಕು. ಕೈ ಬದಲಾದರೆ ಅದನ್ನೂ ತಿಳಿಸಬೇಕು. ಇಲ್ಲಿ ಹೊಸ ಯಜಮಾನನನ್ನು ಆರಿಸುವ ಭಾರ ನಮ್ಮದೇ. ಕೇಳಬೇಕಾದ ಪ್ರಶ್ನೆಗಳು ಕೆಲವಿವೆ. ಆ ಮನೆಯಲ್ಲಿ ಬಿಸಿಲು ಬೀಳುವ ನೆಲವಿದೆಯೆ? ಬಿಸಿಲಿಲ್ಲದೆ ಆಮೆಯ ಮೂಳೆಯೂ ಚಿಪ್ಪೂ ಗಟ್ಟಿಯಾಗವು. ಅನ್ನ, ಹಾಲು, ರೊಟ್ಟಿ ಅದಕ್ಕೆ ಆಹಾರವಲ್ಲವೆಂದು ಅವರಿಗೆ ತಿಳಿದಿದೆಯೆ? ನೆಲದಾಮೆಗೆ ಬೇಕಾದದ್ದು ಹುಲ್ಲು, ಸೊಪ್ಪು, ಹೂವು. ನಾಯಿಯ ಕಾಟವಿಲ್ಲವಷ್ಟೆ? ಸರೀಸೃಪಗಳನ್ನು ಬಲ್ಲ ಪಶುವೈದ್ಯರು ಸಮೀಪದಲ್ಲಿದ್ದಾರೆಯೆ? ಎಲ್ಲಕ್ಕಿಂತ ಮುಖ್ಯವಾದುದು: ಅವರ ವಯಸ್ಸೆಷ್ಟು, ಅವರ ನಂತರ ಯಾರು? ಎಪ್ಪತ್ತರ ವೃದ್ಧರಿಗೆ ಇಪ್ಪತ್ತರ ಆಮೆಯನ್ನು ಕೊಟ್ಟರೆ ನಮ್ಮ ಕಷ್ಟವನ್ನು ಅವರ ಮಕ್ಕಳಿಗೆ ದಾಟಿಸಿದಂತಾಯಿತೇ ಹೊರತು ಬೇರೆಯಿಲ್ಲ.

ಆಮೆಯು ಎಲ್ಲಿಗೇ ಹೋಗಲಿ, ಅದರ ಜೊತೆಯಲ್ಲಿ ಒಂದು ಹಾಳೆ ಹೋಗಬೇಕು. ಎಂದಿನಿಂದ ನಮ್ಮಲ್ಲಿದೆ, ತೂಕವೆಷ್ಟು, ಏನನ್ನು ತಿನ್ನುತ್ತದೆ, ಯಾವ ಕಾಯಿಲೆ ಬಂದಿತ್ತು ಎಂಬುದನ್ನು ಅದರಲ್ಲಿ ಬರೆದಿಡಬೇಕು. ಪ್ರಾಣಿ ಮಾತನಾಡಲಾರದು, ಅದರ ಪರವಾಗಿ ಆ ಹಾಳೆ ಮಾತನಾಡುತ್ತದೆ.

ಇಂಥ ವರ್ಗಾವಣೆಯ ಪ್ರಸಿದ್ಧ ಕಥೆಯೊಂದು ಇಂಗ್ಲೆಂಡಿನಲ್ಲಿ ನಡೆದದ್ದು. ಪ್ರಕೃತಿ ಚರಿತ್ರಕಾರನಾದ ಗಿಲ್ಬರ್ಟ್ ವೈಟ್ ಎಂಬ ಪಾದ್ರಿಯ ಸೋದರತ್ತೆಯು ಟಿಮಥಿ ಎಂಬ ಆಮೆಯನ್ನು ಸುಮಾರು ನಲವತ್ತು ವರ್ಷ ಸಾಕಿದ್ದಳು. ೧೭೮೦ರಲ್ಲಿ ಆಕೆ ತೀರಿಕೊಂಡಾಗ, ಚಳಿಗಾಲದ ನಿದ್ರೆಯಲ್ಲಿ ಮಣ್ಣಿನೊಳಗಿದ್ದ ಅದನ್ನು ಅಗೆದು ತೆಗೆಸಿ, ಕುದುರೆಗಾಡಿಯಲ್ಲಿ ೮೦ ಮೈಲಿ ಸಾಗಿಸಿ, ವೈಟನು ತನ್ನ ತೋಟಕ್ಕೆ ತಂದುಕೊಂಡನು. ಬಂದೊಡನೆ ಅದು ತೋಟದ ಕೊನೆಯವರೆಗೆ ಎರಡು ಸಾರಿ ನಡೆದು ನೋಡಿ, ಮತ್ತೆ ಮಣ್ಣಿನಲ್ಲಿ ಹೂತುಕೊಂಡಿತು. ಅಲ್ಲಿ ಹದಿಮೂರು ವರ್ಷಕ್ಕೂ ಮಿಗಿಲಾಗಿ ಬಾಳಿತು. ೧೭೯೩ರಲ್ಲಿ ವೈಟನು ಕಾಲವಾದನು. ಆಮೆ ಅವನನ್ನೂ ಮೀರಿ ಮರುವರ್ಷದವರೆಗೆ ಬದುಕಿತು. ಗಂಡೆಂದು ಎಲ್ಲರೂ ತಿಳಿದಿದ್ದ ಟಿಮಥಿಯು ಹೆಣ್ಣೆಂಬುದು ಅದು ಸತ್ತ ಮೇಲೆ ಚಿಪ್ಪಿನಿಂದ ತಿಳಿದುಬಂತು. ಅರ್ಧ ಶತಮಾನ ಜೊತೆಯಲ್ಲಿದ್ದರೂ ನಾವು ಸಾಕಿದ ಪ್ರಾಣಿಯನ್ನು ನಾವು ಎಷ್ಟು ಕಡಮೆ ಬಲ್ಲೆವೆಂಬುದಕ್ಕೆ ಇದೇ ಸಾಕ್ಷಿ.

ಬೆಟ್ಟಕ್ಕೆ ಹೋಗುವವರು ಹೋಗಿಬರಲಿ. ಕಂಸಾಳೆಯವರ ಹಾಡನ್ನು ಕೇಳಲಿ, ಹರಕೆಯನ್ನು ತೀರಿಸಲಿ. ಆಮೆಯನ್ನು ಮಾತ್ರ ಬುಟ್ಟಿಯಲ್ಲಿ ಒಯ್ಯದಿರಲಿ. ನಮ್ಮ ಹಿರಿಯರು ಅದನ್ನು ಕಾಡಿನಿಂದ ತಂದಾಗ ತಿಳಿಯದೆ ಮಾಡಿದ ತಪ್ಪೊಂದುಂಟು. ಅದನ್ನು ತಿಳಿದೂ ತಿಳಿದು ಎರಡನೆಯ ತಪ್ಪಿನಿಂದ ತೊಳೆಯಲಾಗದು. ಸತ್ಯವನ್ನು ಹೇಳಿ, ಬಲ್ಲವರ ಕೈಗೆ ಒಪ್ಪಿಸಿ, ಅದರ ಉಳಿದ ಆಯುಷ್ಯಕ್ಕೆ ಬಿಸಿಲೂ ನೆಲವೂ ದೊರಕುವಂತೆ ಮಾಡಿದರೆ, ನಾವು ಪಡೆದ ಮೂಕಸ್ನೇಹದ ಋಣ ಅಷ್ಟಮಟ್ಟಿಗೆ ತೀರಿದಂತಾಗುತ್ತದೆ.