ಏನನ್ನು? ಯಾರಿಗೆ?

ನಾನು ಪಿ.ಯು.ಸಿ. ಓದುತ್ತಿದ್ದಾಗ ನಮ್ಮ ತಂದೆಯವರ ಹೆಸರಿಗೆ ಒಂದು ಕಚೇರಿಯಿಂದ ಇಂಗ್ಲಿಷಿನಲ್ಲಿ ಕಾಗದ ಬಂದಿತು. ಸಾಲದ ಅರ್ಜಿಯ ವಿಷಯ. ಮನೆಯಲ್ಲಿ ಇಂಗ್ಲಿಷ್ ಬಲ್ಲವನೆಂದರೆ ನಾನೊಬ್ಬನೇ. "ಓದಿ ಹೇಳಪ್ಪ" ಎಂದರು. ಅದರಲ್ಲಿ 'ವಿ ಹ್ಯಾವ್ ಸೆಂಟ್ ದಿ ಸೆಕ್ರೆಟರಿ ಯುವರ್ ಪೇಪರ್ಸ್' ಎಂದಿತ್ತು. ನಾನು ಬಹು ಗಂಭೀರವಾಗಿ, "ಕಾರ್ಯದರ್ಶಿಯನ್ನು ಕಳುಹಿಸಿದ್ದಾರಂತೆ, ನಿಮ್ಮ ಕಾಗದಪತ್ರ ಅವರ ಕೈಲಿದೆಯಂತೆ" ಎಂದೆ. ತಂದೆಯವರು ಎರಡು ದಿನ ಕೂಲಿ ಬಿಟ್ಟು ಜಗಲಿಯ ಮೇಲೆ ಕಾದು ಕುಳಿತರು. ಯಾರೂ ಬರಲಿಲ್ಲ. ಮೂರನೆಯ ದಿನ ಊರಿನ ಮೇಷ್ಟರು ಕಾಗದ ನೋಡಿ ನಕ್ಕರು. ಕಳುಹಿಸಿದ್ದು ಕಾಗದಪತ್ರಗಳನ್ನು, ಕಾರ್ಯದರ್ಶಿಯನ್ನಲ್ಲ, ಕಾರ್ಯದರ್ಶಿಗೆ! ಹೋಗಿ ಕಾಣಬೇಕಾದವರು ನಾವು.

ತಪ್ಪು ಎಲ್ಲಿ ಆಯಿತು? ಕನ್ನಡದಲ್ಲಿ ಕರ್ಮಪದಕ್ಕೆ 'ಅನ್ನು' ಎಂಬ ದ್ವಿತೀಯಾ ಪ್ರತ್ಯಯವೂ, ಪಡೆಯುವವನಿಗೆ 'ಗೆ' ಎಂಬ ಚತುರ್ಥೀ ಪ್ರತ್ಯಯವೂ ಸೇರುತ್ತವೆ. 'ಗುರುಗಳು ಹುಡುಗನಿಗೆ ಪುಸ್ತಕವನ್ನು ಕೊಟ್ಟರು' ಎಂದರೂ ಸರಿ, 'ಪುಸ್ತಕವನ್ನು ಹುಡುಗನಿಗೆ ಕೊಟ್ಟರು' ಎಂದರೂ ಸರಿ. ಪ್ರತ್ಯಯವೇ ಕಾವಲಿರುವುದರಿಂದ ಅರ್ಥ ಕೆಡದು. ಪಡೆಯುವವನನ್ನು ಸಂಸ್ಕೃತ ವ್ಯಾಕರಣವು ಸಂಪ್ರದಾನವೆಂದು ಕರೆಯುತ್ತದೆ. 13ನೆಯ ಶತಮಾನದ ಕೇಶಿರಾಜನ ಶಬ್ದಮಣಿದರ್ಪಣದಲ್ಲಿಯೂ ಈ ವಿಭಕ್ತಿಗಳ ವಿವೇಚನೆಯಿದೆ.

ಇಂಗ್ಲಿಷಿಗೂ ಒಂದು ಕಾಲದಲ್ಲಿ ಇಂಥ ಪ್ರತ್ಯಯಗಳಿದ್ದವು. 1066ರಲ್ಲಿ ನಾರ್ಮನ್ನರು ಇಂಗ್ಲೆಂಡನ್ನು ಗೆಲ್ಲುವುದಕ್ಕೆ ಮುಂಚಿನ ಇಂಗ್ಲಿಷಿನಲ್ಲಿ 'ಹಿನೆ' ಎಂದರೆ ಅವನನ್ನು, 'ಹಿಮ್' ಎಂದರೆ ಅವನಿಗೆ. ಕಾಲಕ್ರಮದಲ್ಲಿ ಪ್ರತ್ಯಯಗಳು ಸವೆದುಹೋಗಿ, ಇಂದು 'ಹಿಮ್' ಒಂದೇ ಎರಡೂ ಕೆಲಸಗಳನ್ನು ಮಾಡುತ್ತಿದೆ. ನಾಮಪದಗಳಿಗಂತೂ ಗುರುತೇ ಇಲ್ಲ. ಆದುದರಿಂದ ಪದಗಳು ನಿಂತಿರುವ ಸ್ಥಾನವೇ ಗುರುತು.

ಉಪಾಯ ಸುಲಭ. ಕ್ರಿಯಾಪದವನ್ನು ಹಿಡಿದು 'ಏನನ್ನು?' ಎಂದು ಕೇಳಬೇಕು. ಬರುವ ಉತ್ತರ ಡೈರೆಕ್ಟ್ ಆಬ್ಜೆಕ್ಟ್, ಅಂದರೆ ನೇರ ಕರ್ಮ. ಆಮೇಲೆ 'ಯಾರಿಗೆ?' ಎಂದು ಕೇಳಬೇಕು; ಬರುವುದು ಇನ್‌ಡೈರೆಕ್ಟ್ ಆಬ್ಜೆಕ್ಟ್, ಅಂದರೆ ಪರೋಕ್ಷ ಕರ್ಮ. ಕ್ರಿಯಾಪದದ ಬಳಿಕ ಎರಡು ಕರ್ಮಗಳು ಬರಿದಾಗಿ ಒಂದರ ಪಕ್ಕ ಒಂದು ನಿಂತರೆ, ಸಾಮಾನ್ಯವಾಗಿ ಮೊದಲನೆಯದು 'ಯಾರಿಗೆ', ಎರಡನೆಯದು 'ಏನನ್ನು'. ಸ್ಥಾನವನ್ನು ಅದಲುಬದಲು ಮಾಡಿದರೆ ನಡುವೆ 'ಟು' ಅಥವಾ 'ಫಾರ್' ಬೇಕಾಗುತ್ತದೆ. ಗಿವ್, ಸೆಂಡ್, ಷೋ ಮುಂತಾದವುಗಳಿಗೆ 'ಟು'. ಬೈ, ಮೇಕ್ ಮುಂತಾದವುಗಳಿಗೆ 'ಫಾರ್'.

ಎರಡು ಎಚ್ಚರಿಕೆಗಳನ್ನು ಹೇಳಬೇಕು. 'ಎಕ್ಸ್‌ಪ್ಲೇನ್ ಮಿ ದಿ ಲೆಸನ್' ಎಂದು ನಮ್ಮಲ್ಲಿ ಅನೇಕರು ಬರೆಯುತ್ತೇವೆ. ಅದು ತಪ್ಪು. ಎಕ್ಸ್‌ಪ್ಲೇನ್, ಸಜೆಸ್ಟ್, ಡಿಸ್ಕ್ರೈಬ್ ಎಂಬ ಕ್ರಿಯಾಪದಗಳ ಪಕ್ಕದಲ್ಲಿ ಪಡೆಯುವವನು ಬರಿಗೈಯಲ್ಲಿ ನಿಲ್ಲುವಂತಿಲ್ಲ. 'ಎಕ್ಸ್‌ಪ್ಲೇನ್ ದಿ ಲೆಸನ್ ಟು ಮಿ' ಎನ್ನಬೇಕು. ಎರಡನೆಯದಾಗಿ, ಕನ್ನಡದ 'ಗೆ' ಬಂದಲ್ಲೆಲ್ಲ ಪರೋಕ್ಷ ಕರ್ಮವೆಂದು ಭ್ರಮಿಸಬಾರದು. 'ಐ ವೆಂಟ್ ಟು ಮೈಸೂರ್' ಎಂಬಲ್ಲಿ ಮೈಸೂರು ಹೋಗುವ ಸ್ಥಳ. ಅದು ಏನನ್ನೂ ಪಡೆಯುತ್ತಿಲ್ಲ.

ಈಗಲೂ ನಮ್ಮ ಓಣಿಯವರು ಇಂಗ್ಲಿಷ್ ಕಾಗದಗಳನ್ನು ನನ್ನ ಬಳಿಗೆ ತರುತ್ತಾರೆ. ನಾನು ತಕ್ಷಣ ಬಾಯಿ ತೆರೆಯುವುದಿಲ್ಲ. ಪೆನ್ಸಿಲಿನಿಂದ ಒಂದು ಪದದ ಮೇಲೆ 'ಗೆ', ಇನ್ನೊಂದರ ಮೇಲೆ 'ಅನ್ನು' ಎಂದು ಬರೆದುಕೊಂಡ ಮೇಲೆಯೇ ಓದಿ ಹೇಳುತ್ತೇನೆ. ವ್ಯಾಕರಣ ಪರೀಕ್ಷೆಯ ಅಂಕಗಳಿಗಷ್ಟೇ ಎಂದು ತಿಳಿದ ಗೆಳೆಯರಿಗೆ ನನ್ನ ಉತ್ತರವಿಷ್ಟೆ: ಅದರ ಒಂದು ತಪ್ಪಿನ ಬೆಲೆ ನಮ್ಮ ಮನೆಯಲ್ಲಿ ಎರಡು ದಿನದ ಕೂಲಿ.