ಮನೆಯ ಇಂಟರ್ನೆಟ್ಟಿಗೊಂದು ನಾಡಿ ಪರೀಕ್ಷೆ

ಕನ್ನಡ ಸಂಘದ ಹಬ್ಬದೂಟದ ಸಾಲಿನಲ್ಲಿ ಡಾಕ್ಟರ ಪಕ್ಕ ನಿಂತವರಿಗೆಲ್ಲ ಕೇಳುವುದಕ್ಕೆ ಏನಾದರೊಂದು ಇದ್ದೇ ಇರುತ್ತದೆ. ಒಂದು ಕೈಯಲ್ಲಿ ಬಿಸಿಬೇಳೆ ಭಾತಿನ ತಟ್ಟೆ, ಇನ್ನೊಂದು ಕೈಯಲ್ಲಿ ಲ್ಯಾಬ್ ರಿಪೋರ್ಟ್ ತೋರಿಸುವ ಫೋನು. "ಡಾಕ್ಟ್ರೇ, ಒಂದೇ ಒಂದು ಪ್ರಶ್ನೆ" ಎಂದು ಶುರುವಾದರೆ ಕೊಲೆಸ್ಟರಾಲ್, ಮಂಡಿನೋವು ಎಲ್ಲ ಮುಗಿಯುವ ಹೊತ್ತಿಗೆ ಹೋಳಿಗೆ ಖಾಲಿ. ನನ್ನ ವಿಷಯದಲ್ಲಿ ಮಾತ್ರ ಕೆಲವು ವರ್ಷಗಳಿಂದ ಪ್ರಶ್ನೆಯ ಸ್ವರೂಪವೇ ಬದಲಾಗಿದೆ. "ನಮ್ಮನೆ ವೈಫೈ ಯಾಕೆ ಹೀಗೆ ಕೈಕೊಡುತ್ತೆ?" "ಅಪ್ಪನ ಕಂಪ್ಯೂಟರಿನಲ್ಲಿ ಏನೇನೋ ಜಾಹೀರಾತು ಪುಟಿದೇಳ್ತಿವೆಯಲ್ಲ, ಅದಕ್ಕೇನಾದ್ರೂ ಔಷಧಿ ಇದೆಯಾ?"

ನಾನು ಎಂಬಿಬಿಎಸ್, ಎಂಡಿ. ಇಂಜಿನಿಯರ್ ಅಲ್ಲ. ಸಾಫ್ಟ್‌ವೇರ್ ಮಂದಿಯೇ ತುಂಬಿರುವ ಸಂಘದಲ್ಲಿ ಇದನ್ನು ವೈದ್ಯನ ಬಳಿ ಕೇಳುವುದು ತಮಾಷೆಯೇ ಸರಿ. ಆದರೆ ಕ್ಲೌಡು, ಡೇಟಾಬೇಸು ಎಂದು ದಿನವಿಡೀ ದುಡಿಯುವವರು ಮನೆಗೆ ಬಂದಮೇಲೆ ಸ್ವಂತ ಮೋಡೆಮ್ಮಿನ ಮುಖ ನೋಡುವುದಿಲ್ಲ. ದೀಪದ ಬುಡದಲ್ಲೇ ಕತ್ತಲೆ ಅಂತಾರಲ್ಲ, ಹಾಗೆ. ಡಲ್ಲಾಸಿನಲ್ಲಿ ಮನೆ, ಹೂಸ್ಟನ್ನಿನಲ್ಲಿ ನೆಂಟರು, ಆಸ್ಟಿನ್ನಿನಲ್ಲಿ ಹಳೆಯ ಸ್ನೇಹಿತರು ಇರುವ ನಾನು ಈ ತ್ರಿಕೋನದಲ್ಲಿ ಓಡಾಡುವಾಗ ನೋಡಿದ ಕೆಲವು 'ಕೇಸು'ಗಳನ್ನು ಇಲ್ಲಿ ಹೇಳುತ್ತೇನೆ. ಸಂಬಂಧಪಟ್ಟವರ ಒಪ್ಪಿಗೆ ಪಡೆದಿದ್ದೇನೆ. ಹೆಸರು ಮಾತ್ರ ಹೇಳುವುದಿಲ್ಲ, ಅದು ನಮ್ಮ ವೃತ್ತಿಯ ಅಭ್ಯಾಸ.

ಇಂಟರ್ನೆಟ್ ನಿಂತಾಗ ಎಲ್ಲರೂ ಮಾಡುವ ಮೊದಲ ಕೆಲಸ ರೀಬೂಟ್. ಅದು ಪ್ಯಾರಾಸಿಟಮಾಲ್ ಇದ್ದ ಹಾಗೆ. ಜ್ವರ ಇಳಿಯುತ್ತದೆ, ರೋಗ ಹಾಗೇ ಇರುತ್ತದೆ. ಎರಡನೆಯದು ಇನ್ನೂರು ಡಾಲರ್ ಕೊಟ್ಟು ಹೊಸ ರೌಟರ್ ತರುವುದು. ಅದು ನೆಗಡಿಗೆ ಆಂಟಿಬಯಾಟಿಕ್ ನುಂಗಿದ ಹಾಗೆ. ಮೈಸೂರಿನ ಕೆ.ಆರ್. ಆಸ್ಪತ್ರೆಯ ವಾರ್ಡುಗಳಲ್ಲಿ ನಮ್ಮ ಪ್ರೊಫೆಸರುಗಳು ರೋಗಿಯನ್ನು ಮುಟ್ಟುವ ಮೊದಲು ಜ್ವರದ ಚಾರ್ಟ್ ಕೇಳುತ್ತಿದ್ದರು. ಜ್ವರ ಯಾವಾಗ ಬಂತು, ಯಾವಾಗ ಬಿಟ್ಟಿತು, ದಿನ ಬಿಟ್ಟು ದಿನ ಬರುತ್ತದೆಯೇ, ಸಂಜೆಗೆ ಏರುತ್ತದೆಯೇ? ಮಲೇರಿಯಾವೋ ಟೈಫಾಯಿಡೋ ಎಂಬ ಗುಮಾನಿ ಅರ್ಧಕ್ಕರ್ಧ ಆ ಕಾಗದದ ಮೇಲೇ ಮೂಡುತ್ತಿತ್ತು. ಬಂದು ಹೋಗುವ ಇಂಟರ್ನೆಟ್ ತೊಂದರೆಯೂ ಬಂದು ಹೋಗುವ ಜ್ವರವೇ.

ಹೂಸ್ಟನ್ ಪಕ್ಕದ ಕೇಟಿಯಲ್ಲಿರುವ ಒಬ್ಬ ಸ್ನೇಹಿತರ ಮನೆಯಲ್ಲಿ ಇದೇ ಆಯಿತು. ಅವರ ತಾಯಿ ಶಿವಮೊಗ್ಗದಲ್ಲಿ ಆಸ್ಪತ್ರೆ ಸೇರಿದ್ದರು. ಅಲ್ಲಿ ಬೆಳಿಗ್ಗೆ ವೈದ್ಯರು ರೌಂಡ್ಸಿಗೆ ಬರುವಾಗ ಇಲ್ಲಿ ರಾತ್ರಿ ಹತ್ತೂವರೆ. ತಂಗಿ ಫೋನ್ ಹಿಡಿದು ನಿಂತಿರುತ್ತಿದ್ದರು, ವೈದ್ಯರು ಮಾತು ಶುರು ಮಾಡುತ್ತಿದ್ದರು, ಮುಖ್ಯವಾದ ಮಾತಿಗೆ ಬರುವಷ್ಟರಲ್ಲಿ ಪರದೆ ಸ್ತಬ್ಧ. ಕಂಪನಿಗೆ ಫೋನ್ ಮಾಡಿದಾಗಲೆಲ್ಲ "ಮೋಡೆಮ್ ಆಫ್ ಮಾಡಿ ಆನ್ ಮಾಡಿ" ಎಂಬ ಮಂತ್ರ. ಟೆಕ್ನಿಶಿಯನ್ ಬಂದ ದಿನ ಎಳೆಬಿಸಿಲು, ಎಲ್ಲ ಸರಿಯಾಗಿತ್ತು. ಹಲ್ಲುನೋವು ದಂತವೈದ್ಯರ ಬಾಗಿಲಲ್ಲಿ ಮಾಯವಾಗುತ್ತದಲ್ಲ, ಹಾಗೆ.

ನಾನು ಅವರಿಗೆ ಹೇಳಿದ್ದು ಎರಡು ವಾರದ ಜ್ವರದ ಚಾರ್ಟ್ ಬರೆಯಲು. ದಿನಾಂಕ, ಗಂಟೆ, ಎಷ್ಟು ನಿಮಿಷ ನಿಂತಿತು, ಹೊರಗೆ ಹವೆ ಹೇಗಿತ್ತು. ಜೊತೆಗೆ ಕಂಪ್ಯೂಟರಿನಲ್ಲಿ ಎರಡು ಕಪ್ಪು ಕಿಟಕಿ ತೆರೆದು ಪಿಂಗ್ ಓಡಿಸಲು. ಪಿಂಗ್ ಎಂಬ ಈ ಪುಟ್ಟ ಪ್ರೋಗ್ರಾಮನ್ನು 1983ರ ಡಿಸೆಂಬರಿನಲ್ಲಿ ಬರೆದವರು ಮೈಕ್ ಮೂಸ್ ಎಂಬ ಅಮೆರಿಕನ್. ಜಲಾಂತರ್ಗಾಮಿಯ ಸೋನಾರ್ ಸದ್ದಿನಿಂದ ಆ ಹೆಸರು. "ಇದ್ದೀಯಾ?" ಎಂದು ಕೂಗುತ್ತದೆ, ಆ ಕಡೆಯಿಂದ "ಇದ್ದೀನಿ" ಎಂದು ಬರಲು ಎಷ್ಟು ಮಿಲಿಸೆಕೆಂಡ್ ಆಯಿತೆಂದು ತೋರಿಸುತ್ತದೆ. ಅಷ್ಟೇ ಅದರ ಕೆಲಸ, ನಾಡಿ ಹಿಡಿದು ನೋಡಿದಂತೆ. ವಿಂಡೋಸಿನಲ್ಲಿ ಕಮಾಂಡ್ ಪ್ರಾಂಪ್ಟ್ ತೆರೆದು ಪಿಂಗ್ ಎಂದು ಇಂಗ್ಲಿಷಿನಲ್ಲಿ ಬರೆದು, ಜಾಗ ಬಿಟ್ಟು, ಒಂದು ಅಡ್ಡಗೆರೆ ಮತ್ತು ಟಿ ಅಕ್ಷರ, ಮತ್ತೆ ಜಾಗ ಬಿಟ್ಟು ವಿಳಾಸ ಕೊಟ್ಟರೆ ನೀವು ನಿಲ್ಲಿಸುವವರೆಗೂ ಓಡುತ್ತಿರುತ್ತದೆ. ಒಂದು ಕಿಟಕಿಯಲ್ಲಿ ನಿಮ್ಮ ರೌಟರಿನ ವಿಳಾಸ. ಅದು ಬಹುಪಾಲು 192.168.1.1 ಅಥವಾ ಅಂಥದೇ ಇನ್ನೊಂದು, ರೌಟರಿನ ಚೀಟಿಯ ಮೇಲೆ ಅಚ್ಚಾಗಿರುತ್ತದೆ. ಇನ್ನೊಂದರಲ್ಲಿ ಗೂಗಲ್ಲಿನ 8.8.8.8. ಇಂಟರ್ನೆಟ್ ನಿಂತ ಕ್ಷಣ ಎರಡನ್ನೂ ನೋಡಿ. ರೌಟರೇ ಉತ್ತರ ಕೊಡದಿದ್ದರೆ ರೋಗ ಮನೆಯೊಳಗಿನ ವೈಫೈಯಲ್ಲಿ. ರೌಟರ್ ಉತ್ತರಿಸುತ್ತಿದ್ದು ಗೂಗಲ್ ಮೌನವಾಗಿದ್ದರೆ ರೋಗ ಮೋಡೆಮ್ಮಿನಲ್ಲೋ ಹೊರಗಿನ ಲೈನಿನಲ್ಲೋ ಇದೆ. ಎರಡೂ ಸರಿಯಿದ್ದು ಒಂದೇ ಲ್ಯಾಪ್‌ಟಾಪ್ ತೆವಳುತ್ತಿದ್ದರೆ ಆ ಲ್ಯಾಪ್‌ಟಾಪನ್ನೇ ಪರೀಕ್ಷಿಸಬೇಕು.

ಸ್ನೇಹಿತರ ಚಾರ್ಟಿನಲ್ಲಿ ಚಿತ್ರ ಸ್ಪಷ್ಟವಾಗಿತ್ತು. ರೌಟರ್ ಎಂದೂ ತಪ್ಪಲಿಲ್ಲ. ಗೂಗಲ್ ತಪ್ಪಿದ್ದೆಲ್ಲ ಮಳೆ ಬಂದ ದಿನ ಮತ್ತು ಅದರ ಮಾರನೆಯ ದಿನ. ಆ ಕಾಗದವನ್ನು ಮುಂದಿಟ್ಟುಕೊಂಡು ಫೋನ್ ಮಾಡಿದಾಗ ಕಂಪನಿಯ ಧಾಟಿಯೇ ಬೇರೆಯಾಯಿತು. ಹಿರಿಯ ಟೆಕ್ನಿಶಿಯನ್ ಒಬ್ಬರು ಬಂದು ಹೊರಗೋಡೆಯ ಪೆಟ್ಟಿಗೆ ತೆರೆದರೆ ಕೇಬಲ್ಲಿನ ಕನೆಕ್ಟರ್ ಹಸಿರು ಕಿಲುಬು ಹಿಡಿದು ಕೂತಿತ್ತು. ಒಳಗೆ ಹಿಂದಿನ ಮಾಲೀಕರು ಬಿಟ್ಟುಹೋದ ಎರಡು ಸ್ಪ್ಲಿಟರುಗಳು ಬೇರೆ. ಎರಡು ಕವಲಿನ ಒಂದೊಂದು ಸ್ಪ್ಲಿಟರೂ ಸಿಗ್ನಲ್ಲನ್ನು ಅರ್ಧಕ್ಕಿಂತ ಕಡಿಮೆಗೆ ಇಳಿಸುತ್ತದೆ, ಎರಡಾದರೆ ಕಾಲು ಭಾಗವೂ ಉಳಿಯುವುದಿಲ್ಲ. ಅರ್ಧ ಗಂಟೆಯ ಕೆಲಸ. ಮರುದಿನ ರಾತ್ರಿ ಅವರು ಶಿವಮೊಗ್ಗದ ವೈದ್ಯರ ಮಾತನ್ನು ಪೂರ್ತಿ ಕೇಳಿಸಿಕೊಂಡರು, ಶನಿವಾರದ ವಿಮಾನ ಹತ್ತಿದರು.

ಡಲ್ಲಾಸಿನ ಕಡೆಯವರಿಗೆ ಇನ್ನೊಂದು ಕಾಟವಿದೆ. ಇಲ್ಲಿಯ ಕಪ್ಪು ಜೇಡಿಮಣ್ಣು ನಮ್ಮ ಗದಗ, ಧಾರವಾಡದ ಎರೆಮಣ್ಣಿನ ಅಣ್ಣತಮ್ಮ. ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಕೈ ತೂರುವಷ್ಟು ಬಿರುಕು ಬಿಡುತ್ತದೆ. ಮನೆಯ ಅಡಿಪಾಯಕ್ಕೇ ನೀರು ಕುಡಿಸುವ ಊರಿದು, ನೆಲದಲ್ಲಿ ಹೂತ ತೆಳು ಕೇಬಲ್ ಎಳೆದಾಡಿಸಿಕೊಂಡರೆ ಆಶ್ಚರ್ಯವೇನು? ಅಳಿಲುಗಳ ಹಲ್ಲಿನ ಮಹಿಮೆಯನ್ನು ಪ್ರತ್ಯೇಕವಾಗಿ ಹೇಳಬೇಕಾಗಿಲ್ಲ.

ಮನೆಯೊಳಗಿನ ರೋಗಕ್ಕೂ ಟೆಕ್ಸಾಸಿನದೇ ಒಂದು ಕಾರಣ ಉಂಟು. ಫ್ರಿಸ್ಕೋ, ಪ್ಲೇನೋ, ರೌಂಡ್ ರಾಕ್, ಶುಗರ್‌ಲ್ಯಾಂಡ್‌ಗಳ ಹೊಸ ಮನೆಗಳಲ್ಲಿ ಬಿಲ್ಡರುಗಳು ಎಲ್ಲ ತಂತಿಗಳನ್ನೂ ಒಂದು ತಗಡಿನ ಪೆಟ್ಟಿಗೆಗೆ ತರುತ್ತಾರೆ. ಅದು ಎಷ್ಟೋ ಮನೆಗಳಲ್ಲಿ ಮಾಸ್ಟರ್ ಕ್ಲಾಸೆಟ್ಟಿನ ಗೋಡೆಯಲ್ಲಿರುತ್ತದೆ. ಇನ್‌ಸ್ಟಾಲ್ ಮಾಡಲು ಬಂದವರು ರೌಟರನ್ನೂ ಅದರೊಳಗೇ ತುರುಕಿ ಮುಚ್ಚಳ ಹಾಕಿ ಹೋಗುತ್ತಾರೆ. ಲೋಹದ ಗೂಡಿನೊಳಕ್ಕೆ ವಿದ್ಯುತ್ ಕ್ಷೇತ್ರ ದಾಟುವುದಿಲ್ಲವೆಂದು ಮೈಕೆಲ್ ಫ್ಯಾರಡೆ 1836ರಲ್ಲೇ ತೋರಿಸಿದ್ದರು. ರೇಡಿಯೋ ಅಲೆಗಳ ಪಾಡೂ ಹೆಚ್ಚುಕಡಿಮೆ ಅದೇ. ಫ್ರಿಸ್ಕೋದ ಒಂದು ಮನೆಯಲ್ಲಿ ಮೂರು ಯೂನಿಟ್ಟಿನ ಮೆಶ್ ಕೊಂಡು ತಂದರೂ ಮಗಳ ಕೋಣೆಗೆ ವೈಫೈ ಮುಟ್ಟುತ್ತಿರಲಿಲ್ಲ. ಮುಖ್ಯ ಯೂನಿಟ್ಟು ಕ್ಲಾಸೆಟ್ಟಿನಲ್ಲಿ, ತಗಡಿನ ಪೆಟ್ಟಿಗೆಯಲ್ಲಿ, ಅದರ ಮುಂದೆ ಸಾಲಾಗಿ ಮೈಸೂರು ರೇಷ್ಮೆ ಸೀರೆಗಳು. ಒಂದು ಉದ್ದದ ತಂತಿ ಎಳೆದು ಅದನ್ನು ಹಜಾರದ ಪುಸ್ತಕದ ಬೀರುವಿನ ಮೇಲಿಟ್ಟೆವು. ಉಳಿದ ಎರಡರಲ್ಲಿ ಒಂದನ್ನು ಅಂಗಡಿಗೆ ವಾಪಸ್ ಕೊಟ್ಟರು. ಆಟಿಕ್ಕಿನಲ್ಲಿ ಮಾತ್ರ ರೌಟರ್ ಇಡಬೇಡಿ. ಅಲ್ಲಿಯ ಬೇಸಿಗೆಯ ಶಾಖಕ್ಕೆ ಅದು ಬೇಯುತ್ತದೆ, ಎಷ್ಟೋ ಮನೆಗಳ ಸೂರಿಗೆ ಬಿಸಿಲು ತಡೆಯುವ ಅಲ್ಯೂಮಿನಿಯಂ ಹಾಳೆಯನ್ನೂ ಹೊಡೆದಿರುತ್ತಾರೆ. ಅಡಿಗೆಮನೆಯ ಮೈಕ್ರೋವೇವ್ ಕೂಡ 2.4 ಗಿಗಾಹರ್ಟ್ಸ್ ವೈಫೈಯ ಪಟ್ಟಿಯಲ್ಲೇ ಕೆಲಸ ಮಾಡುವುದರಿಂದ ಹಾಲು ಬಿಸಿಯಾಗುವಾಗ ವಿಡಿಯೋ ನಿಲ್ಲುವುದುಂಟು. ಹತ್ತಿರದ ಉಪಕರಣಗಳಿಗೆ 5 ಗಿಗಾಹರ್ಟ್ಸ್ ಉತ್ತಮ, ದೂರಕ್ಕೆ 2.4.

ಕೇಬಲ್ ಇಂಟರ್ನೆಟ್ಟಿನ ಇನ್ನೊಂದು ಗುಣ, ಒಂದೇ ಬಡಾವಣೆಯ ಮನೆಗಳು ಒಂದೇ ಕೊಳಾಯಿಯನ್ನು ಹಂಚಿಕೊಳ್ಳುತ್ತವೆ. ರಾತ್ರಿ ಎಂಟರಿಂದ ಹನ್ನೊಂದರವರೆಗೆ ಎಲ್ಲರೂ ಸಿನಿಮಾ ಹಚ್ಚುವ ಹೊತ್ತು. ನಾವು ಊರಿಗೆ ಕರೆ ಮಾಡುವುದೂ ಅದೇ ಹೊತ್ತಿಗೆ, ಅಲ್ಲಿ ಕಾಫಿಯ ಸಮಯ! ಚಾರ್ಟಿನಲ್ಲಿ ನಿಧಾನವೆಲ್ಲ ಈ ಮೂರು ಗಂಟೆಗೆ ಸೇರಿದ್ದರೆ ಮನೆಯೊಳಗೆ ಏನು ಬದಲಿಸಿದರೂ ವ್ಯರ್ಥ, ಫೈಬರ್ ಸಿಗುತ್ತದೆಯೇ ನೋಡಬೇಕು. ಆಸ್ಟಿನ್ನಿನವರು ಈ ವಿಷಯದಲ್ಲಿ ಪುಣ್ಯವಂತರು. 2013ರ ಏಪ್ರಿಲಿನಲ್ಲಿ ಗೂಗಲ್ ಫೈಬರ್ ಆ ಊರಿಗೆ ಬರುವುದಾಗಿ ಘೋಷಿಸಿದ್ದೇ ತಡ, ಎಟಿ ಅಂಡ್ ಟಿ ತಾನೂ ಗಿಗಾಬಿಟ್ ಕೊಡುತ್ತೇನೆಂದಿತು. ಕರೆಂಟೇ ಹೋದರೆ ಯಾವ ಫೈಬರೂ ಇಲ್ಲ, ಅದನ್ನು 2021ರ ಫೆಬ್ರವರಿಯ ಹಿಮಗಾಳಿಯೂ 2024ರ ಜುಲೈನಲ್ಲಿ ಹೂಸ್ಟನ್ನಿನ ಬೆರಿಲ್ ಚಂಡಮಾರುತವೂ ಕಲಿಸಿವೆ. ಮೋಡೆಮ್ಮಿಗೊಂದು ಸಣ್ಣ ಯುಪಿಎಸ್ ಇದ್ದರೆ ಚಿಕ್ಕಪುಟ್ಟ ಕಡಿತಗಳನ್ನಾದರೂ ದಾಟಬಹುದು.

ಇನ್ನು ಪುಟಿದೇಳುವ ಜಾಹೀರಾತುಗಳ ಕಥೆ. ಪಾಪ್-ಅಪ್ ಎಂಬ ಪೀಡೆಯ ಕೋಡ್ ಬರೆದವರಲ್ಲಿ ಒಬ್ಬರಾದ ಈಥನ್ ಝುಕರ್‌ಮನ್ 2014ರಲ್ಲಿ ಲೇಖನವೊಂದರಲ್ಲಿ ಬಹಿರಂಗವಾಗಿ ಕ್ಷಮೆ ಕೇಳಿದರು. ತೊಂಬತ್ತರ ದಶಕದ ಕೊನೆಯಲ್ಲಿ ಅವರ ಕಂಪನಿಯ ತಾಣದಲ್ಲಿ ಒಂದು ಕಾರ್ ಕಂಪನಿಯ ಜಾಹೀರಾತು ಅಶ್ಲೀಲ ಪುಟದ ಮೇಲೆ ಕಾಣಿಸಿಕೊಂಡು ಗಲಾಟೆಯಾಯಿತಂತೆ. ಜಾಹೀರಾತಿಗೆ ಬೇರೆಯದೇ ಕಿಟಕಿ ಕೊಟ್ಟರೆ ಮಡಿ ಉಳಿಯುತ್ತದೆಂಬ ಉಪಾಯ ಅದು! 2004ರ ಆಗಸ್ಟಿನಲ್ಲಿ ವಿಂಡೋಸ್ ಎಕ್ಸ್‌ಪಿಯ ಎರಡನೇ ಸರ್ವಿಸ್ ಪ್ಯಾಕ್ ಪಾಪ್-ಅಪ್ ತಡೆಯುವ ವ್ಯವಸ್ಥೆ ತಂದಿತು. ನಮ್ಮ ಟೆಕ್ಸಾಸ್ 2005ರಲ್ಲಿ ಸ್ಪೈವೇರ್ ವಿರುದ್ಧ ಕಾನೂನು ಮಾಡಿ, ಅದೇ ವರ್ಷ ಸಂಗೀತದ ಸಿಡಿಗಳಲ್ಲಿ ಗುಪ್ತ ತಂತ್ರಾಂಶ ಸೇರಿಸಿದ್ದಕ್ಕೆ ಸೋನಿ ಬಿಎಂಜಿಯ ಮೇಲೆ ಮೊಕದ್ದಮೆ ಹೂಡಿತು. ಆದರೆ ರೋಗಾಣು ರೂಪ ಬದಲಿಸುತ್ತದೆ. 2015ರಲ್ಲಿ ಕ್ರೋಮ್ ಬ್ರೌಸರಿಗೆ ನೋಟಿಫಿಕೇಶನ್ ಸೌಲಭ್ಯ ಬಂದ ಮೇಲೆ ಪೀಡೆ ಆ ಬಾಗಿಲಿನಿಂದ ನುಗ್ಗಿತು. ಈಗ ಪರದೆಯ ಮೂಲೆಯಲ್ಲಿ "ಐದು ವೈರಸ್ ಸಿಕ್ಕಿವೆ" ಎಂದು ಪುಟಿಯುವುದರಲ್ಲಿ ಎಷ್ಟೋ ವೈರಸ್ಸೇ ಅಲ್ಲ, ನಾವೇ ಎಂದೋ 'ಅಲೋ' ಒತ್ತಿ ಒಳಗೆ ಬಿಟ್ಟುಕೊಂಡ ಅತಿಥಿ.

ಆಸ್ಟಿನ್ನಿನ ಕೇಸಿಗೆ ಬರುತ್ತೇನೆ. ಒಂದು ರಾತ್ರಿ ಸ್ನೇಹಿತರ ಸೊಸೆ ಫೋನ್ ಮಾಡಿದರು. "ಅಂಕಲ್, ಮಾವನ ಬಿಪಿ ನೂರಾ ತೊಂಬತ್ತರ ಮೇಲಿದೆ. ಮಾತ್ರೆ ತಪ್ಪಿಲ್ಲ. ಮೂರು ದಿನದಿಂದ ಊಟ ಸರಿಯಿಲ್ಲ, ನಿದ್ದೆ ಇಲ್ಲ." ಆ ಮಾವ ಹಾಸನದ ಕಡೆಯ ನಿವೃತ್ತ ಹೆಡ್‌ಮಾಸ್ಟರು, ಆರು ತಿಂಗಳಿಗೆಂದು ಮಗನ ಮನೆಗೆ ಬಂದವರು. ಎದೆನೋವು, ತಲೆನೋವು, ಕೈಕಾಲು ಸೋಲುವುದು ಯಾವುದೂ ಇಲ್ಲವೆಂದು ಖಾತ್ರಿ ಮಾಡಿಕೊಂಡು, ಅವರೊಬ್ಬರ ಹತ್ತಿರವೇ ಮಾತಾಡಬೇಕೆಂದೆ. ಸ್ವಲ್ಪ ಹೊತ್ತು ಮೌನ. ಆಮೇಲೆ ಮೆಲ್ಲಗೆ, "ಡಾಕ್ಟ್ರೇ, ಮಗನಿಗೆ ಹೇಳಬೇಡಿ."

ಹಗಲೆಲ್ಲ ಮನೆಯಲ್ಲಿ ಒಬ್ಬರೇ. ಹಳೆಯ ಕನ್ನಡ ಸಿನಿಮಾ ಪುಕ್ಕಟೆ ತೋರಿಸುವ ಯಾವುದೋ ತಾಣಕ್ಕೆ ಹೋಗಿದ್ದರು. ಮೂಲೆಯಲ್ಲಿ ಎಚ್ಚರಿಕೆಗಳು ಶುರುವಾದವು. ಒಂದು ಮಧ್ಯಾಹ್ನ ಪರದೆ ಪೂರ್ತಿ ಕೆಂಪಾಗಿ ಸೈರನ್ ಕೂಗತೊಡಗಿತು, ಕಂಪ್ಯೂಟರ್ ಮುಟ್ಟಿದರೆ ಎಲ್ಲ ಅಳಿಸಿಹೋಗುತ್ತದೆ, ಈ ನಂಬರಿಗೆ ಕರೆ ಮಾಡಿ ಎಂದು. ಮಗನ ಕಂಪ್ಯೂಟರ್ ಹಾಳು ಮಾಡಿದೆನೆಂಬ ಗಾಬರಿಯಲ್ಲಿ ಕರೆ ಮಾಡಿದರು. ಆ ಕಡೆಯವನದು ನಮ್ಮ ದೇಶದ ದನಿ, "ಅಂಕಲ್‌ಜೀ" ಎಂಬ ವಿನಯ. ಅಷ್ಟಕ್ಕೇ ಜೀವ ಬಂದಂತಾಯಿತು ಪಾಪ! ಅವನು ಹೇಳಿದ ತಂತ್ರಾಂಶ ಹಾಕಿಕೊಂಡರು, ಅವನು ಅರ್ಧ ಗಂಟೆ ಕಂಪ್ಯೂಟರಿನಲ್ಲಿ ಓಡಾಡಿದ. ಹಾಸನದ ಬ್ಯಾಂಕಿನ ಕಾರ್ಡ್ ನಂಬರನ್ನೂ ಕೊಟ್ಟರು. ಓಟಿಪಿ ಬರಬೇಕಾದ ಸಿಮ್ ಮಾತ್ರ ಸೂಟ್‌ಕೇಸಿನಲ್ಲಿ ಆಫ್ ಆಗಿ ಮಲಗಿತ್ತು. ದುಡ್ಡು ಉಳಿದದ್ದು ಅದರಿಂದ. ಅವನು ಕೊನೆಗೆ ಬೈದು ಫೋನ್ ಇಟ್ಟನಂತೆ. ನಲವತ್ತು ವರ್ಷ ಮಕ್ಕಳಿಗೆ ಪಾಠ ಹೇಳಿದ ಮನುಷ್ಯನಿಗೆ ಆ ಬೈಗುಳವೇ ಬಿಪಿಯಾಗಿ ಏರಿತ್ತು.

ಅವರೇ ಮಗನಿಗೆ ಹೇಳುವಂತೆ ಒಪ್ಪಿಸಲು ನನಗೆ ಮುಕ್ಕಾಲು ಗಂಟೆ ಹಿಡಿಯಿತು. ಅವರನ್ನು ಒಪ್ಪಿಸಿದ್ದು ಒಂದು ಅಂಕಿ. ಇಂಥ ನಕಲಿ ಟೆಕ್ ಸಪೋರ್ಟಿನವರು 2023ರಲ್ಲಿ ಕಸಿದದ್ದೆಂದು ಎಫ್‌ಬಿಐಗೆ ದೂರು ಬಂದ ಮೊತ್ತವೇ 92 ಕೋಟಿ ಡಾಲರಿಗೂ ಹೆಚ್ಚು, ಅದರಲ್ಲಿ ಅರ್ಧಕ್ಕಿಂತ ಹೆಚ್ಚು 60 ದಾಟಿದವರದು. "ಅಷ್ಟು ಜನ ಅಮೆರಿಕನ್ನರೂ ಮೋಸ ಹೋಗಿದ್ದಾರಾ?" ಎಂದು ಎರಡು ಸಲ ಕೇಳಿದರು. ನಾಚಿಕೆಯ ಸಂಗತಿಯೆಂದರೆ 2012ರ ಅಕ್ಟೋಬರಿನಲ್ಲಿ ಫೆಡರಲ್ ಟ್ರೇಡ್ ಕಮಿಷನ್ ಇಂಥ ಆರು ಜಾಲಗಳ ಮೇಲೆ ಮೊಕದ್ದಮೆ ಹಾಕಿದಾಗ ಅವುಗಳಲ್ಲಿ ಬಹುಪಾಲು ಭಾರತದಿಂದಲೇ ನಡೆಯುತ್ತಿದ್ದವು. ನಮ್ಮ ಹಿರಿಯರಿಗೆ ಅಭಯ ಕೊಡುವ ಆ ದನಿಯೇ ಗಾಳ.

ಮಗ ಅಂದು ರಾತ್ರಿ ಮಾಡಿದ್ದು ಇಷ್ಟು. ಆ ಕಂಪ್ಯೂಟರನ್ನು ಇಂಟರ್ನೆಟ್ಟಿನಿಂದ ಬೇರ್ಪಡಿಸಿದ. ಬೇರೆ ಕಂಪ್ಯೂಟರಿನಿಂದ ಬ್ಯಾಂಕು, ಇಮೇಲು, ಟ್ಯಾಕ್ಸಿನ ಪಾಸ್‌ವರ್ಡುಗಳನ್ನೆಲ್ಲ ಬದಲಿಸಿದ. ಹಾಸನದ ಬ್ಯಾಂಕಿಗೆ ಫೋನ್ ಮಾಡಿ ಕಾರ್ಡ್ ನಿಲ್ಲಿಸಿದ. ಅಪರಿಚಿತ ಒಮ್ಮೆ ಒಳಗೆ ಓಡಾಡಿದ ಯಂತ್ರವನ್ನು ಪೂರ್ತಿ ಅಳಿಸಿ ಹೊಸದಾಗಿ ವಿಂಡೋಸ್ ಹಾಕಿದ.

ಅಷ್ಟು ದೂರ ಹೋಗದ ಮನೆಗಳಿಗೆ ಚಿಕಿತ್ಸೆ ಸುಲಭ. ಕ್ರೋಮಿನ ಸೆಟ್ಟಿಂಗ್ಸ್, ಅದರಲ್ಲಿ ಪ್ರೈವಸಿ, ಸೈಟ್ ಸೆಟ್ಟಿಂಗ್ಸ್, ನೋಟಿಫಿಕೇಶನ್ಸ್ ಎಂದು ಇಳಿದು ಹೋದರೆ ಒಳಗೆ ಬಿಟ್ಟ ಅತಿಥಿಗಳ ಪಟ್ಟಿ ಸಿಗುತ್ತದೆ. ಹೆಸರು ಗೊತ್ತಿಲ್ಲದವರನ್ನೆಲ್ಲ ಹೊರಹಾಕಿ, ಯಾರೂ ಕೇಳದಂತೆ ಬಾಗಿಲನ್ನೇ ಮುಚ್ಚಿ. ಎಕ್ಸ್‌ಟೆನ್ಶನ್ನುಗಳಲ್ಲಿ ನೀವು ಹಾಕದ್ದನ್ನು ಕಿತ್ತುಹಾಕಿ, ವಿಂಡೋಸಿನ ಜೊತೆಗೇ ಬರುವ ಡಿಫೆಂಡರಿನಿಂದ ಪೂರ್ತಿ ಸ್ಕ್ಯಾನ್ ಮಾಡಿಸಿ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟಿನ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ, ಹಳೆಯ ಲ್ಯಾಪ್‌ಟಾಪನ್ನು "ಅಪ್ಪ ಅಮ್ಮನಿಗೆ ಸಾಕು" ಎಂದು ಕೊಡುವವರು ಇದನ್ನು ಗಮನಿಸಬೇಕು. ಅದನ್ನು ಬಳಸುವವರಿಗೇ ಅಲ್ಲವೇ ರಕ್ಷಣೆ ಹೆಚ್ಚು ಬೇಕಾದದ್ದು?

ಆ ಮನೆಯ ಕಂಪ್ಯೂಟರ್ ಪಕ್ಕ ಈಗ ಹೆಡ್‌ಮಾಸ್ಟರ ದುಂಡು ಕೈಬರಹದ ಒಂದು ಕಾಗದ ಅಂಟಿಸಿದೆ. ಮೈಕ್ರೋಸಾಫ್ಟಿನ ನಿಜವಾದ ಎಚ್ಚರಿಕೆಯಲ್ಲಿ ಫೋನ್ ನಂಬರ್ ಇರುವುದಿಲ್ಲ. ಪರದೆ ಕೆಂಪಾದರೆ ಎಸ್ಕೇಪ್ ಕೀಲಿಯನ್ನು ಒತ್ತಿ ಹಿಡಿಯಬೇಕು, ಹೋಗದಿದ್ದರೆ ಪವರ್ ಗುಂಡಿಯನ್ನು ಹತ್ತು ಸೆಕೆಂಡ್ ಒತ್ತಿ ಆರಿಸಬೇಕು, ಮತ್ತೆ ತೆರೆದಾಗ ಹಳೆಯ ಪುಟಗಳನ್ನು ತರಲೇ ಎಂದು ಕೇಳಿದರೆ ಬೇಡ ಅನ್ನಬೇಕು. ದುಡ್ಡು ಹೋಗಿದ್ದರೆ ಅದೇ ಗಳಿಗೆ ಬ್ಯಾಂಕಿಗೆ ಫೋನ್, ಆಮೇಲೆ ಎಫ್‌ಬಿಐನ ಐಸಿ3 ತಾಣದಲ್ಲಿ ದೂರು. ಭಾರತದ ಖಾತೆಯಾದರೆ ಅಲ್ಲಿಯ ನೆಂಟರಿಂದ 1930ಕ್ಕೆ ಕರೆ. ಎಲ್ಲಕ್ಕಿಂತ ಮೇಲೆ, ಕೆಂಪು ಶಾಯಿಯಲ್ಲಿ, ಮಗನ ಆಫೀಸಿನ ನಂಬರ್ ಇದೆ. ಅದರ ಕೆಳಗೆ ಅವರೇ ಸೇರಿಸಿದ್ದಾರೆ: "ಮೀಟಿಂಗಿನಲ್ಲಿದ್ದರೂ ಪರವಾಗಿಲ್ಲ."